ಅತ್ತರು ಹಚ್ಚಿಕೊಂಡವನು ಎಂಥವನು?

ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟ ಬಸ್ಸಿನಲ್ಲಿ ನಾವಿದ್ದೆವು. ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಆ ಬಸ್ಸಿನ ಒಳಗಿನ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತಗಡು ಕಾದಿತ್ತು, ಸೀಟು ಕಾದಿತ್ತು, ಕಿಟಕಿಯಿಂದ ಬರುವ ಗಾಳಿಯೂ ಕಾದಿತ್ತು. ಬಸ್ಸು ಊರು ದಾಟುವ ಮೊದಲೇ ಅರವತ್ತು ದಾಟಿದ ಒಬ್ಬರು ಹತ್ತಿ ನಮ್ಮ ಪಕ್ಕದಲ್ಲಿ ಕುಳಿತರು. ಬಿಳಿ ಜುಬ್ಬ, ತಲೆಗೆ ಟೋಪಿ, ಕೈಯಲ್ಲೊಂದು ಬಟ್ಟೆಯ ಚೀಲ. ಅವರು ಕುಳಿತದ್ದೇ ತಡ, ಮಲ್ಲಿಗೆ ಅತ್ತರಿನ ವಾಸನೆ ಆ ಸಾಲನ್ನೆಲ್ಲ ಆವರಿಸಿತು. ಸಣ್ಣಗೆ ಸುಳಿದು ಹೋಗುವ ಪರಿಮಳವಲ್ಲ ಅದು. ನಮಗೆ ತಲೆನೋವು ಬರುವಂತಾಯಿತು. ಈ ವಯಸ್ಸಿನಲ್ಲಿ ಇಷ್ಟೊಂದು ಶೋಕಿಯೇ ಎಂದು ಮನಸ್ಸಿನಲ್ಲೇ ಅಂದುಕೊಂಡೆವು. ಹಿಂದೆ ಒಂದು ಸೀಟು ಖಾಲಿಯಾದ ಕೂಡಲೇ ಎದ್ದು ಹೋಗಿ ಅಲ್ಲಿ ಕುಳಿತೆವು. ಅವರು ಒಮ್ಮೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಚೀಲವನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯ ಕಡೆ ಸರಿದರು.

ತೆಕ್ಕಲಕೋಟೆಯಲ್ಲಿ ಅವರು ಇಳಿದರು. ಕೆಳಗೆ ಇಬ್ಬರು ಹುಡುಗರು ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. "ಬರ್ರಿ ಚಾಚಾ, ಎಲ್ಲಾರೂ ನಿಮ್ಮ ಹಾದೀನ ನೋಡಾಕತ್ಯಾರ" ಎನ್ನುತ್ತಾ ಒಬ್ಬ ಚೀಲ ಇಸಿದುಕೊಂಡ. ಅವನ ಕಣ್ಣು ಕೆಂಪಾಗಿತ್ತು. ಬಸ್ಸು ಹೊರಟ ಮೇಲೆ ಕಂಡಕ್ಟರ್ ತಾನಾಗಿಯೇ ಹೇಳಿದ: "ಮಯ್ಯತ್ ತೊಳಿಯೋರು ಸರ್ ಅವರು. ಯಾರ ಮನ್ಯಾಗ ತೀರಿಕೊಂಡ್ರೂ ಕರೀತಾರ. ಬಡವರಾದ್ರ ರೊಕ್ಕ ಮುಟ್ಟಂಗಿಲ್ಲ."

ಅಂದರೆ ಅವರು ಒಂದು ಸಾವಿನ ಮನೆಗೆ ಹೊರಟವರು. ಬಹುಶಃ ಇನ್ನೊಂದು ಸಾವಿನ ಮನೆಯಿಂದ ಬಂದವರೂ ಇರಬಹುದು. ಕರ್ಪೂರ, ಸಾಬೂನು, ಹೆಣ ಇವುಗಳ ನಡುವೆ ಕೈ ಆಡಿಸುವ ವ್ಯಕ್ತಿ, ಆ ವಾಸನೆ ಬಸ್ಸಿನಲ್ಲಿ ಪಕ್ಕದವರಿಗೆ ತಾಗದಿರಲಿ ಎಂದು ಒಂದೆರಡು ಬೊಟ್ಟು ಹೆಚ್ಚೇ ಹಚ್ಚಿಕೊಂಡಿದ್ದರು. ನಾವು ಯಾವುದನ್ನು ಶೋಕಿ ಎಂದು ತಿಳಿದೆವೋ ಅದು ನಮ್ಮ ಮೇಲಿನ ಕಾಳಜಿಯಾಗಿತ್ತು.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಒಬ್ಬ ಮನುಷ್ಯ ಹಚ್ಚಿಕೊಂಡ ಪರಿಮಳ ಅವನ ವ್ಯಕ್ತಿತ್ವದ ಬಗ್ಗೆ ಏನನ್ನಾದರೂ ಹೇಳುತ್ತದೆಯೇ? ಅತ್ತರಿನ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ಓದುಗರಿಗೆ ಅನಿಸಬಹುದು. ಆದರೆ ನಾವು ದಿನವೂ ಮೂಗಿನಿಂದಲೇ ಎಷ್ಟು ಜನರ ಬಗ್ಗೆ ತೀರ್ಪು ಕೊಡುತ್ತೇವೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಬಾಡಿಗೆ ಮನೆ ಕೇಳಲು ಬಂದವರಿಗೆ "ನಿಮ್ಮ ಅಡುಗೆಯ ವಾಸನೆ ನಮಗಾಗುವುದಿಲ್ಲ" ಎಂದು ಬಾಗಿಲು ಮುಚ್ಚುವುದು, ಪೌರಕಾರ್ಮಿಕ ಎದುರಾದರೆ ಕರವಸ್ತ್ರ ಹುಡುಕುವುದು, ಅತ್ತರು ಘಮಘಮಿಸಿದರೆ "ಸಾಬರು ಬಂದರು" ಎನ್ನುವುದು, ಇವೆಲ್ಲ ಮೂಗಿನ ತೀರ್ಪುಗಳೇ. ಬಾಡಿಗೆ ಮನೆಯ ಅವಮಾನವನ್ನು ನಮ್ಮ ಸಮುದಾಯದವರು ಸಾಕಷ್ಟು ಉಂಡಿದ್ದಾರೆ. ಆದರೆ ನಮ್ಮ ಮೂಗೂ ಅಷ್ಟೇನೂ ಪರಿಶುದ್ಧವಲ್ಲ. ಚರಂಡಿ ಬಳಿಯುವವರ ಮುಂದೆ, ಚರ್ಮ ಹದ ಮಾಡುವವರ ಮುಂದೆ ನಮ್ಮ ಮುಖವೂ ಸಿಂಡರಿಸಿದ್ದುಂಟು.

ಸುಗಂಧದ್ರವ್ಯ ಮಾರುವ ಕಂಪೆನಿಗಳ ಬಳಿ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇದೆ. ಗುಲಾಬಿ ಇಷ್ಟಪಡುವವರು ಭಾವುಕರಂತೆ, ಮಲ್ಲಿಗೆ ಮೆಚ್ಚುವವರು ಆತ್ಮವಿಶ್ವಾಸವುಳ್ಳವರಂತೆ, ಊದ್ ಹಚ್ಚುವವರು ಗಂಭೀರ ಸ್ವಭಾವದವರಂತೆ. ವಾರಪತ್ರಿಕೆಗಳ ರಾಶಿಭವಿಷ್ಯಕ್ಕೂ ಇದಕ್ಕೂ ನಮಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಯಾರಿಗೆ ಬೇಕಾದರೂ ಒಪ್ಪುವ ಮಾತುಗಳೇ ಇರುತ್ತವೆ. ಮೊದಲು ನಿಮ್ಮ ವ್ಯಕ್ತಿತ್ವ ಇಂಥದ್ದು ಎಂದು ಹೇಳುವುದು, ಆಮೇಲೆ ಅದನ್ನು ಸೀಸೆಯಲ್ಲಿ ತುಂಬಿ ನಿಮಗೇ ಮಾರುವುದು! ವ್ಯಕ್ತಿತ್ವ ಇಷ್ಟು ಸುಲಭವಾಗಿ ಅಂಗಡಿಯಲ್ಲಿ ಸಿಗುವಂತಿದ್ದರೆ ತಾಯಂದಿರು, ಗುರುಗಳು, ಪ್ರವಾದಿಗಳು, ಶರಣರು ಇಷ್ಟೆಲ್ಲ ಕಷ್ಟಪಡಬೇಕಾಗಿರಲಿಲ್ಲ.

ಆದರೂ ಮೂಗಿನ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಮೂಗಿನಿಂದ ಹೊರಟ ಸಂದೇಶವು ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳನ್ನು ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಆದ್ದರಿಂದಲೇ ವಾಸನೆಯ ವಿಷಯದಲ್ಲಿ ನಾವು ಯೋಚಿಸುವ ಮೊದಲೇ ಇಷ್ಟಪಟ್ಟಿರುತ್ತೇವೆ ಅಥವಾ ದ್ವೇಷಿಸಿರುತ್ತೇವೆ. ಕಾರಣಗಳನ್ನು ಆಮೇಲೆ ಹುಡುಕುತ್ತೇವೆ. ಇನ್ನೊಂದು ಸಂಗತಿಯೂ ಇದೆ. ಒಂದೇ ವಾಸನೆ ಸ್ವಲ್ಪ ಹೊತ್ತು ಮೂಗಿನ ಬಳಿಯಿದ್ದರೆ ಅದು ನಮಗೆ ತಿಳಿಯುವುದು ನಿಂತುಹೋಗುತ್ತದೆ. ಅತ್ತರು ಹಚ್ಚಿಕೊಂಡವನಿಗೆ ತನ್ನ ಅತ್ತರು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗದಂತಾಗುತ್ತದೆ. ಆ ಬಳಿಕ ಅದು ಉಳಿಯುವುದು ಪಕ್ಕದವರಿಗೆ ಮಾತ್ರ. ಬಟ್ಟೆಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬಹುದು, ದನಿಯನ್ನು ನಾವೇ ಕೇಳಿಸಿಕೊಳ್ಳಬಹುದು. ಪರಿಮಳ ಹಾಗಲ್ಲ. ಅದನ್ನು ಕೊಳ್ಳುವವರು ನಾವು, ಅನುಭವಿಸುವವರು ಬೇರೆಯವರು. ನಮ್ಮ ಸ್ವಭಾವದ ಕಥೆಯೂ ಸುಮಾರಾಗಿ ಹೀಗೆಯೇ ಅಲ್ಲವೇ?

ಅತ್ತರು ತಯಾರಾಗುವ ಬಗೆಯನ್ನು ನೋಡಿದರೂ ಯೋಚನೆಗೆ ಸಾಕಷ್ಟು ಸರಕು ಸಿಗುತ್ತದೆ. ಉತ್ತರ ಪ್ರದೇಶದ ಕನ್ನೌಜ್ ಈ ಕಸುಬಿಗೆ ಹೆಸರಾದ ಊರು. ಅಲ್ಲಿ ತಾಮ್ರದ ದೊಡ್ಡ ಹಂಡೆಯಲ್ಲಿ ಹೂವು, ನೀರು ತುಂಬಿ ಬಾಯಿಗೆ ಜೇಡಿಮಣ್ಣು ಮೆತ್ತಿ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಹಬೆಯು ಬಿದಿರಿನ ಕೊಳವೆಯಲ್ಲಿ ಹರಿದು, ನೀರಿನ ತೊಟ್ಟಿಯಲ್ಲಿ ಇಟ್ಟಿರುವ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಹೂವಿನ ಪ್ರಾಣ ಆ ಎಣ್ಣೆಯಲ್ಲಿ ಸೇರಿಕೊಳ್ಳುತ್ತದೆ. ಹೂವಿನ ಪರಿಮಳ ಬೇಗ ಹಾರಿಹೋಗುವಂಥದ್ದು, ಅದನ್ನು ಹಿಡಿದು ನಿಲ್ಲಿಸುವುದು ಗಂಧ. ಆದರೆ ಸೀಸೆಯ ಮೇಲೆ ಬರೆಯುವುದು ಹೂವಿನ ಹೆಸರನ್ನು ಮಾತ್ರ. ಗಂಧದ ನಾಡಿನವರಾದ ನಮಗೆ ಇದು ತಿಳಿದಿರಲಿ. ಗಂಧದೆಣ್ಣೆಯ ಬೆಲೆ ಗಗನಕ್ಕೇರಿದ ಮೇಲೆ ದ್ರವ ಪ್ಯಾರಾಫಿನ್‌ನಂಥ ಅಗ್ಗದ ಎಣ್ಣೆಗಳಿಗೆ ಹೂವಿನ ಸಾರ ಇಳಿಸುವುದು ಸಾಮಾನ್ಯವಾಗಿದೆ. ಹೆಸರು ಅದೇ, ಹೂವೂ ಅದೇ, ತಳ ಮಾತ್ರ ಬೇರೆ. ಮಧ್ಯಾಹ್ನದ ಹೊತ್ತಿಗೆ ಅಂಥ ಅತ್ತರಿನ ಬಣ್ಣ ಬಯಲಾಗುತ್ತದೆ.

ಮಲ್ಲಿಗೆಯ ವಿಷಯದಲ್ಲಿ ಇನ್ನೂ ಒಂದು ವಿಚಿತ್ರವಿದೆ. ಅದರ ಪರಿಮಳದಲ್ಲಿ ಇಂಡೋಲ್ ಎಂಬ ರಾಸಾಯನಿಕ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಅದೇ ಇಂಡೋಲ್ ಮಲದಲ್ಲಿಯೂ ಇದೆ. ಒಟ್ಟಾಗಿ ಸಿಕ್ಕಿದರೆ ದುರ್ವಾಸನೆ, ತೀರಾ ತೆಳುವಾಗಿ ಸಿಕ್ಕಿದರೆ ಹೂವಿನ ಕಂಪು. ನಾವು ಸುವಾಸನೆ, ದುರ್ವಾಸನೆ ಎಂದು ಎರಡು ಬೇಲಿಗಳನ್ನು ಹಾಕಿಕೊಂಡಿದ್ದೇವೆ. ಮಲ್ಲಿಗೆಗೆ ಆ ಬೇಲಿಯ ಗೊಡವೆಯೇ ಇಲ್ಲ.

ಮಲ್ಲಿಗೆಯ ಮಾತು ಬಂದ ಮೇಲೆ ಹೂವಿನ ಹಡಗಲಿಯನ್ನು ನೆನೆಯದೆ ಮುಂದೆ ಹೋಗಲಾಗದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೂ ಅದು ನಮ್ಮ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ವಿಜಯನಗರದ ಅರಸರ ಕಾಲದಲ್ಲಿ ಅಲ್ಲಿಂದ ತುಂಗಭದ್ರೆಯ ಮೂಲಕ ಹಂಪಿಗೆ ಹೂವು ಹೋಗುತ್ತಿತ್ತು, ಆ ಹೂವಿನ ಹಡಗುಗಳಿಂದಲೇ ಊರಿಗೆ ಈ ಹೆಸರು ಬಂತು ಎಂದು ಜನ ಹೇಳುತ್ತಾರೆ. ಹಂಪಿಯಲ್ಲಿ ಹೂವಿಗೆ ಎಷ್ಟು ಬೇಡಿಕೆಯಿತ್ತು ಎಂಬುದಕ್ಕೆ ಒಬ್ಬ ಮುಸ್ಲಿಂ ಪ್ರವಾಸಿಯ ಸಾಕ್ಷ್ಯವಿದೆ. ಹೆರಾತ್‌ನ ಸುಲ್ತಾನ ಶಾರುಖ್‌ನ ರಾಯಭಾರಿಯಾಗಿ 1443ರಲ್ಲಿ ಎರಡನೇ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ರಝಾಕ್, ಪೇಟೆಯಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು ಬೆರಗಾದ. ಈ ಜನರಿಗೆ ಗುಲಾಬಿಯಿಲ್ಲದೆ ಬದುಕಲಾಗದು, ಇವರು ಅದನ್ನು ಅನ್ನದಷ್ಟೇ ಅಗತ್ಯವೆಂದು ಭಾವಿಸುತ್ತಾರೆ ಎಂಬರ್ಥದ ಮಾತನ್ನು ಆತ ಬರೆದಿಟ್ಟಿದ್ದಾನೆ. ಗಮನಿಸಿ, ದೂರದ ಹೆರಾತ್‌ನಿಂದ ಬಂದ ಈ ಅತಿಥಿಗೆ ಇಲ್ಲಿನ ಪರಿಮಳ ಪರಕೀಯವೆನಿಸಲಿಲ್ಲ. ಗುಲಾಬಿಯನ್ನು ಆತನೂ ಬಲ್ಲ. ಇಂದು ಅತ್ತರು ಮುಸ್ಲಿಮರದ್ದು, ಮುಡಿಯುವ ಮಲ್ಲಿಗೆ ಹಿಂದೂಗಳದ್ದು ಎಂದು ಪಾಲು ಹಂಚುವವರು ನಮ್ಮ ಬಳ್ಳಾರಿಯ ಉರೂಸುಗಳಿಗೆ ಬಂದು ನೋಡಬೇಕು. ಅಲ್ಲಿ ಗಂಧದ ಮೆರವಣಿಗೆ ಹೊರಡುತ್ತದೆ, ಹೂವಿನ ಚಾದರ ಹೊದಿಸುತ್ತಾರೆ. ಹೂವು ಕಟ್ಟಿದವರು ಯಾರು, ತೋಟದಲ್ಲಿ ಬಿಡಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಇಂದಿಗೂ 'ಅತ್ತಾರ' ಎಂಬ ಅಡ್ಡಹೆಸರಿನ ಮುಸ್ಲಿಂ ಕುಟುಂಬಗಳಿವೆ. ಸುಗಂಧ ಮಾರುವುದು ಅವರ ಹಿರಿಯರ ಕಸುಬು. ಕೊಳ್ಳುವವರ ಜಾತಿ ಕೇಳಿ ಯಾರೂ ಅತ್ತರು ಮಾರಲಾರರು.

ನಮ್ಮಲ್ಲೊಂದು ಗಾದೆಯಿದೆ: ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು. ಪ್ರವಾದಿ ಮುಹಮ್ಮದ್(ಸ)ರ ಒಂದು ವಚನವೂ ಇದಕ್ಕೆ ಬಹಳ ಸಮೀಪವಾಗಿದೆ. ಒಳ್ಳೆಯ ಸಂಗಾತಿಯನ್ನು ಅವರು ಕಸ್ತೂರಿ ಮಾರುವವನಿಗೆ ಹೋಲಿಸಿದರು. ಅವನು ನಿಮಗೆ ಸ್ವಲ್ಪ ಕಸ್ತೂರಿ ಕೊಡಬಹುದು, ನೀವು ಕೊಳ್ಳಬಹುದು, ಏನೂ ಆಗದಿದ್ದರೂ ಪರಿಮಳವಂತೂ ಸಿಗುತ್ತದೆ. ಕೆಟ್ಟ ಸಂಗಾತಿ ಕುಲುಮೆಯ ತಿದಿ ಊದುವವನಂತೆ. ಕಿಡಿ ಹಾರಿ ಬಟ್ಟೆ ಸುಡಬಹುದು, ಇಲ್ಲವೇ ಹೊಗೆಯ ವಾಸನೆ ತಾಗಬಹುದು. ಇವೆರಡನ್ನೂ ಕೇಳುತ್ತಲೇ ಬೆಳೆದವರು ನಾವು. ಆದರೆ ಇವುಗಳನ್ನು ಒಂದು ಅಪಾಯಕಾರಿ ರೀತಿಯಲ್ಲಿ ಅರ್ಥ ಮಾಡಿಕೊಂಡವರೂ ಇದ್ದಾರೆ. ಸಗಣಿ ಬಾಚುವವನು ಕೀಳು, ಕಮ್ಮಾರ ದೂರವಿಡಬೇಕಾದವನು ಎಂದು. ಕಬ್ಬಿಣದ ನಾಡಾದ ಬಳ್ಳಾರಿಯಲ್ಲಿ ಕುಳಿತು ಹೀಗೆ ಯೋಚಿಸುವುದು ತಮಾಷೆಯೇ ಸರಿ. ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟ ಬಗ್ಗೆ, ಅವರು ಕವಚಗಳನ್ನು ಮಾಡುತ್ತಿದ್ದ ಬಗ್ಗೆ ಕುರ್‌ಆನ್ ಹೇಳುತ್ತದೆ. ಆರಂಭಕಾಲದಲ್ಲೇ ಇಸ್ಲಾಂ ಸ್ವೀಕರಿಸಿ ಅಪಾರ ಹಿಂಸೆಯನ್ನು ಸಹಿಸಿದ ಹ. ಖಬ್ಬಾಬ್(ರ) ಮಕ್ಕಾದಲ್ಲಿ ಕಮ್ಮಾರರಾಗಿದ್ದರು. ಅವರ ಪಕ್ಕದಲ್ಲಿ ಕುಳಿತರೆ ಹೊಗೆಯ ವಾಸನೆ ತಾಗಿಯೇ ತಾಗುತ್ತಿತ್ತು. ಆದರೆ ಅವರಿಗಿಂತ ಒಳ್ಳೆಯ ಸಂಗಾತಿ ಮಕ್ಕಾದಲ್ಲಿ ಎಷ್ಟು ಮಂದಿ ಸಿಗುತ್ತಿದ್ದರು? ಉಪಮೆ ಇರುವುದು ಗುಣಕ್ಕೆ, ಕಸುಬಿಗಲ್ಲ.

ಶುಕ್ರವಾರದ ಸ್ನಾನದ ಕಥೆಯೂ ಇಲ್ಲಿ ನೆನಪಿಗೆ ಬರುತ್ತದೆ. ಮದೀನಾದ ಸುತ್ತಲಿನ ಹಳ್ಳಿಗಳಿಂದ ದುಡಿಯುವ ಜನ ಧೂಳು, ಬೆವರಿನೊಂದಿಗೆ ಜುಮುಅಗೆ ಬರುತ್ತಿದ್ದರು. ಪ್ರವಾದಿ(ಸ)ಯವರು ಅವರಿಗೆ, ಈ ದಿನಕ್ಕಾಗಿ ಸ್ನಾನ ಮಾಡಿ ಬಂದರೆ ಚೆನ್ನಾಗಿತ್ತು ಎಂದಷ್ಟೇ ಹೇಳಿದರೆಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಹಿಂದಿನ ಸಾಲಿಗೆ ಹೋಗಿ ಎನ್ನಲಿಲ್ಲ. ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಿ ಬಂದವರ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಣ್ಣದ ತೊಟ್ಟಿಗೆ ಕೈ ಅದ್ದಿ ಬೆರಳೆಲ್ಲ ನೀಲಿಯಾದವರ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ಎಂದರೇನೆಂದು ನಮ್ಮ ಮಸೀದಿಗಳ ಶುಕ್ರವಾರದ ಸಾಲುಗಳು ಬಲ್ಲವು. ಉಪವಾಸಿಗನ ಬಾಯಿಯ ವಾಸನೆಯು ಅಲ್ಲಾಹನ ಬಳಿ ಕಸ್ತೂರಿಗಿಂತಲೂ ಮೇಲು ಎಂಬ ವಚನವನ್ನಂತೂ ಪ್ರತಿ ರಮಝಾನಿನಲ್ಲೂ ಕೇಳುತ್ತೇವೆ. ಕೇಳಿದವರು ಹೊರಬಂದು ಹಸಿದವನ ಪಕ್ಕದಿಂದ ಎದ್ದು ಹೋಗುವುದೂ ಉಂಟು. ಬಸ್ಸಿನಲ್ಲಿ ನಾವು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಪರಿಮಳದಿಂದ ವ್ಯಕ್ತಿಯನ್ನು ಅಳೆಯುವ ಈ ಚಾಳಿಗೆ ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವರು ಹೆಂಗಸರು. ನಮ್ಮ ಹಳ್ಳಿಗಳಲ್ಲಿ ಮುಡಿಯ ಮಲ್ಲಿಗೆ ಬರೀ ಹೂವಲ್ಲ, ಅದೊಂದು ಪ್ರಮಾಣಪತ್ರ. ಗಂಡ ಇದ್ದಾನೆ ಎಂಬುದಕ್ಕೆ ಸಾಕ್ಷಿ. ಗಂಡ ಸತ್ತ ದಿನ ಅದನ್ನು ಕಿತ್ತುಕೊಳ್ಳುತ್ತಾರೆ. ಆ ಬಳಿಕ ಇಪ್ಪತ್ತೈದರ ಹೆಣ್ಣುಮಗಳಾದರೂ ಒಂದು ಮೊಳ ಹೂವು ಮುಡಿದಳೆಂದರೆ ಅವಳ ನಡತೆಯ ಬಗ್ಗೆ ಮಾತು ಶುರು. ಹೂವು ಅದೇ, ಕಟ್ಟಿದ ಕೈ ಅದೇ, ಮುಡಿಯೂ ಅದೇ. ಬದಲಾದದ್ದು ನೋಡುವವರ ಕಣ್ಣು ಮಾತ್ರ.

ಇದು ಹಿಂದೂ ಮನೆಗಳ ಸಮಸ್ಯೆ ಎಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಇಸ್ಲಾಮ್‌ನಲ್ಲಿ ವಿಧವೆಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಇದೆ. ಆ ಅವಧಿಯಲ್ಲಿ ಅವಳು ಸುಗಂಧ ಹಚ್ಚುವುದಿಲ್ಲ, ಅಲಂಕರಿಸಿಕೊಳ್ಳುವುದಿಲ್ಲ. ಅದು ಮುಗಿದ ಮೇಲೆ ಶರೀಅತ್‌ನಲ್ಲಿ ಅವಳು ವಿಧವೆಯೆಂಬ ಕಾರಣಕ್ಕೆ ಯಾವ ನಿರ್ಬಂಧವೂ ಇಲ್ಲ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಐದನೇ ತಿಂಗಳು ಮಗಳಿಗೋ ಅತ್ತಿಗೆಗೋ ನಾವೇ ಅತ್ತರಿನ ಸೀಸೆ ತಂದುಕೊಟ್ಟಿದ್ದೇವೆ? ನಾಲ್ಕು ತಿಂಗಳು ಹತ್ತು ದಿನಗಳ ನಿಯಮವನ್ನು ನಲ್ವತ್ತು ವರ್ಷಗಳಿಗೆ ಎಳೆದವರು ನಾವೇ.

ಈ ವಿಷಯದಲ್ಲಿ ಪ್ರವಾದಿ ಪತ್ನಿ ಹ. ಉಮ್ಮು ಹಬೀಬಾ(ರ)ರ ಒಂದು ಪ್ರಸಂಗ ನಮಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅವರ ತಂದೆ ಅಬೂ ಸುಫ್ಯಾನ್(ರ) ತೀರಿಕೊಂಡಾಗ ಅವರು ಹಳದಿ ಬಣ್ಣದ ಸುಗಂಧವನ್ನು ತರಿಸಿ, ಮೊದಲು ಒಬ್ಬ ಹುಡುಗಿಗೆ ಹಚ್ಚಿ, ಆಮೇಲೆ ತನ್ನ ಕೆನ್ನೆಗಳಿಗೂ ಸವರಿಕೊಂಡರು. ತನಗೆ ಸುಗಂಧದ ಅಗತ್ಯವೇನೂ ಇಲ್ಲ, ಆದರೆ ಗಂಡನ ಹೊರತು ಬೇರೆ ಯಾರ ಸಾವಿಗೂ ಮೂರು ದಿನಗಳಿಗಿಂತ ಹೆಚ್ಚು ಶೋಕಾಚರಣೆ ಮಾಡಬಾರದೆಂದು ಪ್ರವಾದಿ(ಸ)ಯವರಿಂದ ಕೇಳಿದ್ದೇನೆ ಎಂದರು. ಹೊರಗಿನವರು ಯಾರಾದರೂ ಆ ಹೊತ್ತಿಗೆ ಒಳಗೆ ಬಂದಿದ್ದರೆ ಏನು ಅಂದುಕೊಳ್ಳುತ್ತಿದ್ದರು? ತಂದೆ ಸತ್ತು ಮೂರು ದಿನವಾಗಿಲ್ಲ, ಮಗಳು ಸುಗಂಧ ಪೂಸಿಕೊಂಡಿದ್ದಾಳೆ, ಎಂಥ ಕಲ್ಲೆದೆ ಎಂದು. ಆ ಕೆನ್ನೆಗಳ ಮೇಲಿದ್ದುದು ಸಂಭ್ರಮವಲ್ಲ, ಶಿಸ್ತು. ದುಃಖ ಒಳಗೆ ಇದ್ದಲ್ಲೇ ಇತ್ತು. ಹೊರಗಿನ ಪರಿಮಳಕ್ಕೂ ಒಳಗಿನ ಸ್ಥಿತಿಗೂ ಸಂಬಂಧವೇ ಇಲ್ಲವೆಂದು ಇದರ ಅರ್ಥವಲ್ಲ. ಸಂಬಂಧವಿದೆ, ಆದರೆ ಅದು ದಾರಿಹೋಕನ ಮೂಗಿಗೆ ಸಿಗುವಂಥದ್ದಲ್ಲ.

ಹಾಗಾದರೆ ಯಾರಿಗೆ ಸಿಗುತ್ತದೆ? 1111ರಲ್ಲಿ ನಿಧನರಾದ ಇಮಾಮ್ ಗಝಾಲಿ(ರ) ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಉದ್ದೇಶದ ಬಗ್ಗೆ ಚರ್ಚಿಸುವಾಗ ಇದೇ ಉದಾಹರಣೆಯನ್ನು ಎತ್ತಿಕೊಂಡಿದ್ದಾರೆ ಎಂಬುದು ನಮಗೆ ಬಹಳ ಅರ್ಥಪೂರ್ಣವೆನಿಸುತ್ತದೆ. ಶುಕ್ರವಾರ ಇಬ್ಬರು ಸುಗಂಧ ಹಚ್ಚಿಕೊಳ್ಳುತ್ತಾರೆ. ಒಬ್ಬನಿಗೆ ತನ್ನ ಸಿರಿವಂತಿಕೆಯನ್ನು ತೋರಿಸಬೇಕು, ಓರಗೆಯವರು ಕರುಬಬೇಕು, ಪರಸ್ತ್ರೀಯರ ಗಮನ ತನ್ನ ಮೇಲೆ ಬೀಳಬೇಕು. ಇನ್ನೊಬ್ಬನಿಗೆ ಪ್ರವಾದಿಚರ್ಯೆಯನ್ನು ಪಾಲಿಸಬೇಕು, ಮಸೀದಿಗೆ ಗೌರವ ಕೊಡಬೇಕು, ಪಕ್ಕದಲ್ಲಿ ನಿಂತವನಿಗೆ ಹಿತವಾಗಬೇಕು. ಗಝಾಲಿಯವರು ಇಲ್ಲಿಗೇ ನಿಲ್ಲಿಸುವುದಿಲ್ಲ. ತನ್ನಿಂದ ದುರ್ವಾಸನೆ ಬಂದರೆ ಜನರು ತನ್ನ ಬೆನ್ನ ಹಿಂದೆ ಆಡಿಕೊಂಡು ಪರದೂಷಣೆಯ ಪಾಪಕ್ಕೆ ಗುರಿಯಾಗುತ್ತಾರಲ್ಲ, ಅದರಿಂದ ಅವರನ್ನು ಕಾಪಾಡುವುದೂ ಸುಗಂಧ ಹಚ್ಚುವುದರ ಒಂದು ಉದ್ದೇಶವಾಗಬಹುದು ಎನ್ನುತ್ತಾರೆ. ಎಷ್ಟು ಸೂಕ್ಷ್ಮವಾದ ಯೋಚನೆ ನೋಡಿ! ತನ್ನನ್ನು ನಿಂದಿಸಬಹುದಾದವನ ಹಿತವನ್ನೂ ನೆನೆದು ಒಂದು ಬೊಟ್ಟು ಅತ್ತರು ಹಚ್ಚಿಕೊಳ್ಳುವುದು. ಎರಡೂ ಸೀಸೆಗಳಲ್ಲಿ ಒಂದೇ ಗುಲಾಬಿ ಇರಬಹುದು, ಒಂದೇ ಅಂಗಡಿಯದ್ದಿರಬಹುದು. ಮೂಗಿಗೆ ವ್ಯತ್ಯಾಸ ಗೊತ್ತಾಗದು. ಹಚ್ಚಿದವನಿಗೂ ಕೆಲವೊಮ್ಮೆ ಗೊತ್ತಿರುವುದಿಲ್ಲ ಎಂದು ನಾವು ಸೇರಿಸುತ್ತೇವೆ. ಶುಕ್ರವಾರ ಕನ್ನಡಿಯ ಮುಂದೆ ನಿಂತಾಗ ನಮ್ಮ ಉದ್ದೇಶ ಇವೆರಡರಲ್ಲಿ ಯಾವುದು ಎಂದು ಕೇಳಿಕೊಂಡರೆ ನೇರವಾದ ಉತ್ತರ ಬರುವುದಿಲ್ಲ. ಸ್ವಲ್ಪ ಅದು, ಸ್ವಲ್ಪ ಇದು.

ಉದ್ದೇಶ ಒಂದೇ ಸಾಲದು, ಪರಿಮಳ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಇದೆ. 717ರಿಂದ 720ರವರೆಗೆ ಆಳಿದ ಖಲೀಫ ಹ. ಉಮರ್ ಬಿನ್ ಅಬ್ದುಲ್ ಅಝೀಝ್‌ರ(ರ) ಮುಂದೆ ಸಾರ್ವಜನಿಕ ಖಜಾನೆಯ ಕಸ್ತೂರಿಯನ್ನು ತೂಗುವಾಗ ಅವರು ಮೂಗು ಮುಚ್ಚಿಕೊಂಡರಂತೆ. ವಾಸನೆ ತಾಗಿದರೇನಾಯಿತು ಎಂದು ಕೇಳಿದವರಿಗೆ, ಕಸ್ತೂರಿಯಿಂದ ಇರುವ ಪ್ರಯೋಜನವೇ ಅದರ ವಾಸನೆಯಲ್ಲವೇ ಎಂದರಂತೆ. ಪ್ರಜೆಗಳ ಸೊತ್ತಿನ ಪರಿಮಳವೂ ತನಗೆ ಪುಕ್ಕಟೆಯಾಗಿ ಸಿಗಬಾರದು! ಬಳ್ಳಾರಿಯವರಿಗೆ ಈ ಕಥೆ ಹೇಳುವಾಗ ನಮಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. 2000ದ ದಶಕದಲ್ಲಿ ಅದಿರಿನ ಲಾರಿಗಳು ಹಗಲಿರುಳು ಓಡಿದ ಕಾಲದಲ್ಲಿ ಇಲ್ಲಿನ ಗಿಡದ ಎಲೆಗಳು ಕೆಂಪಾಗಿದ್ದವು, ಮನೆಯೊಳಗಿನ ಹಾಸಿಗೆ ಕೆಂಪಾಗಿತ್ತು, ಮಕ್ಕಳ ಕೆಮ್ಮಿನಲ್ಲಿ ಮಣ್ಣಿತ್ತು. ಅದೇ ರಸ್ತೆಯಲ್ಲಿ ಗಾಜು ಏರಿಸಿದ ಕಾರುಗಳು ಹೋಗುತ್ತಿದ್ದವು. ಅವುಗಳ ಬಾಗಿಲು ತೆರೆದರೆ ವಿದೇಶಿ ಸುಗಂಧದ ಅಲೆ. ನೆಲದೊಳಗಿನ ಅದಿರು ಎಲ್ಲರದ್ದು, ಧೂಳೂ ಎಲ್ಲರದ್ದು, ಸುಗಂಧ ಮಾತ್ರ ಕೆಲವರದ್ದು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಹೊರಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಆ ಕಾಲದ ಯಾವ ದುಬಾರಿ ಸುಗಂಧವೂ ಹಚ್ಚಿಕೊಂಡವರ ಬಗ್ಗೆ ನಮಗೆ ಏನನ್ನೂ ಹೇಳಲಿಲ್ಲ. ಹೇಳಿದ್ದು ಧೂಳು.

2020ರಲ್ಲಿ ಕೊರೋನಾ ಬಂತು. ವಾಸನೆಯೇ ತಿಳಿಯದಂತಾಗುವುದು ಆ ರೋಗದ ಲಕ್ಷಣಗಳಲ್ಲೊಂದಾಗಿತ್ತು. ಮಲ್ಲಿಗೆಯನ್ನು ಮೂಗಿಗೆ ಹಿಡಿದು ಏನೂ ತಿಳಿಯದೆ ಬೆಚ್ಚಿಬಿದ್ದವರು ಎಷ್ಟೋ ಮಂದಿ. ಆ ವರ್ಷದ ಜೂನ್ ಕೊನೆಯಲ್ಲಿ ಬಳ್ಳಾರಿಯ ಹೆಸರು ದೇಶಕ್ಕೆಲ್ಲ ಕೇಳಿಸಿತು. ಕೊರೋನಾದಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಳೆದು ಹಾಕುವ ದೃಶ್ಯವನ್ನು ಜನ ನೋಡಿದರು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ದಿನಗಳಲ್ಲಿ ಯಾವ ಧರ್ಮದವರಿಗೂ ತಮ್ಮವರ ದೇಹಕ್ಕೆ ಸ್ನಾನ ಮಾಡಿಸಲು, ಹೂವಿಡಲು, ಅತ್ತರು ಹಚ್ಚಲು ಅವಕಾಶವಿರಲಿಲ್ಲ. ಸತ್ತವನಿಗೆ ಪರಿಮಳದ ಪರಿವೆಯಿಲ್ಲ, ಅವನಿನ್ನು ಯಾರನ್ನೂ ಮೆಚ್ಚಿಸಬೇಕಾಗಿಯೂ ಇಲ್ಲ. ಆದರೂ ಅದನ್ನು ಮಾಡಲಾಗದೆ ಹೋದದ್ದಕ್ಕೆ ಜನ ಇಂದಿಗೂ ಕೊರಗುತ್ತಾರೆ. ಪರಿಮಳ ಬರೀ ವ್ಯಕ್ತಿತ್ವದ ಪ್ರದರ್ಶನವಾಗಿದ್ದರೆ ಈ ಕೊರಗಿಗೆ ಅರ್ಥವೇ ಇರುತ್ತಿರಲಿಲ್ಲ. ಆಗೆಲ್ಲ ನಮಗೆ ಬಸ್ಸಿನ ಆ ಹಿರಿಯರು ನೆನಪಾಗುತ್ತಿದ್ದರು. ಅವರು ಎಲ್ಲಿದ್ದಾರೋ, ಏನು ಮಾಡುತ್ತಿದ್ದಾರೋ ಎಂದುಕೊಳ್ಳುತ್ತಿದ್ದೆವು.

ಅವರನ್ನು ನಾವು ಮತ್ತೆ ನೋಡಿದ್ದು ಸಿರುಗುಪ್ಪದ ನಮ್ಮ ಮನೆಯಲ್ಲೇ, ನಮ್ಮ ತಂದೆ ತೀರಿಕೊಂಡ ದಿನ. ಅದೇ ಬಟ್ಟೆಯ ಚೀಲ, ಅದೇ ಮಲ್ಲಿಗೆ ಅತ್ತರು. ನಮ್ಮ ಗುರುತು ಅವರಿಗೆ ಹತ್ತಲಿಲ್ಲವೋ, ಹತ್ತಿದರೂ ತೋರಿಸಿಕೊಳ್ಳಲಿಲ್ಲವೋ ತಿಳಿಯದು. ಸ್ನಾನ ಮುಗಿಸಿ, ಕಫನಿನ ಬಟ್ಟೆ ಹಾಸಿ, ತೋಳಿನ ಮಡಿಕೆ ಬಿಡಿಸುತ್ತಾ ಹೊರಗೆ ಬಂದು ಮೆಲ್ಲಗೆ ಕೇಳಿದರು: "ಅಬ್ಬಾಗೆ ಯಾವ ಅತ್ತರ ಇಷ್ಟ ಇತ್ತಪ್ಪಾ? ಮನ್ಯಾಗ ಇದ್ರ ಕೊಡ್ರಿ. ನನ್ ಹತ್ರನೂ ಐತಿ, ಆದ್ರ ಅವರ್ದೇ ಆದ್ರ ಚಲೋ."

ನಮಗೆ ಗೊತ್ತಿರಲಿಲ್ಲ. ಅಕ್ಕಿ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು ನಮ್ಮ ತಂದೆ. ಅವರ ವಾಸನೆ ಎಂದರೆ ನಮಗೆ ತೌಡಿನ ವಾಸನೆ, ಭತ್ತ ಬೇಯುವ ಹಬೆಯ ವಾಸನೆ. ಶಾಲೆಯ ಬಳಿ ಬಂದರೆ ನಾಚಿಕೆಪಟ್ಟುಕೊಂಡು ದೂರ ನಿಲ್ಲುತ್ತಿದ್ದ ವಾಸನೆ. ಪ್ರತಿ ಶುಕ್ರವಾರ ಅವರೂ ಏನನ್ನೋ ಹಚ್ಚಿಕೊಳ್ಳುತ್ತಿದ್ದರು ಎಂಬುದು ನೆನಪಿದೆ, ಅದು ಏನೆಂದು ಒಮ್ಮೆಯೂ ಕೇಳಿದ್ದಿಲ್ಲ. ನಮ್ಮ ಅಣ್ಣನೂ ತಲೆಯಾಡಿಸಿದ. ನಾವು ಸುಮ್ಮನೆ ನಿಂತದ್ದನ್ನು ಪರದೆಯ ಹಿಂದಿನಿಂದ ಅಮ್ಮ ಕೇಳಿಸಿಕೊಂಡಿರಬೇಕು. ಸ್ವಲ್ಪ ಹೊತ್ತಿನಲ್ಲಿ ನಮ್ಮ ತಂಗಿಯ ಸಣ್ಣ ಮಗಳು ಓಡಿಬಂದು ಹೆಬ್ಬೆರಳಿನಷ್ಟು ಸೀಸೆಯೊಂದನ್ನು ಅವರ ಅಂಗೈಯಲ್ಲಿಟ್ಟಳು. ಅದರ ಮೇಲೆ ಚೀಟಿ ಇರಲಿಲ್ಲ. ತಳದಲ್ಲಿ ನಾಲ್ಕಾರು ಹನಿ ಉಳಿದಿತ್ತು. ಅವರು ಬಿರಡೆ ತೆಗೆದು ಮೂಸಿ, "ಗುಲಾಬಿ. ಅಸಲಿ ಐತಿ, ಹಳೇದು" ಎಂದರು. ಆಮೇಲೆ ಒಳಗೆ ಹೋಗಿ, ಹಣೆ, ಮೂಗು, ಅಂಗೈ, ಮೊಣಕಾಲು, ಪಾದ ಎಂದು ಸಜ್ದಾದಲ್ಲಿ ನೆಲಕ್ಕೆ ತಾಗುವ ಜಾಗಗಳಿಗೆಲ್ಲ ಕರ್ಪೂರ ಹಚ್ಚಿ, ಸೀಸೆಯ ಕೊನೆಯ ಹನಿಯನ್ನು ಬೆರಳಿನಿಂದ ಒರೆಸಿ ತೆಗೆದು ಅಬ್ಬಾರ ಗಡ್ಡಕ್ಕೆ ಸವರಿದರು. ನಾವು ಈ ಸಲ ಅವರ ಪಕ್ಕದಲ್ಲೇ ನಿಂತಿದ್ದೆವು.